ಆಂಡ್ರಾಯ್ಡ್‌ನಿಂದ ಐಫೋನ್‌ಗೆ, ಐಫೋನ್‌ನಿಂದ ಆಂಡ್ರಾಯ್ಡ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಫೋನ್ ಕೊಳ್ಳುವವರು ಅಂಗಡಿಯಲ್ಲಿ ಸಾಮಾನ್ಯವಾಗಿ ಕ್ಯಾಮೆರಾ, ಬ್ಯಾಟರಿ, ಬಣ್ಣ, ಕಂತಿನ ಲೆಕ್ಕ ಇಷ್ಟನ್ನೇ ವಿಚಾರಿಸುತ್ತಾರೆ. ತೊಡಕು ಕಾಣಿಸಿಕೊಳ್ಳುವುದು ಮನೆಗೆ ಬಂದ ಮೇಲೆ. ವಾಟ್ಸ್‌ಆ್ಯಪ್‌ನ ಹಳೆಯ ಮಾತುಕತೆಗಳು ಬಂದಿಲ್ಲ, ಯುಪಿಐ ನೋಂದಣಿ ಆಗುತ್ತಿಲ್ಲ, ಕನ್ನಡ ಟೈಪಿಸಲು ಕೈ ಹೊಂದುತ್ತಿಲ್ಲ ಎಂಬ ದೂರುಗಳೊಂದಿಗೆ ಕುಟುಂಬದಲ್ಲಿ ಫೋನ್ ವಿಷಯ ತಿಳಿದವರ ಬಳಿಗೆ ಎಲ್ಲರೂ ಬರುತ್ತಾರೆ. ಹಾಗೆ ಬಂದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಒಂದು ಮಾತನ್ನು ಮಾತ್ರ ಮೊದಲೇ ಹೇಳಬೇಕು: ಫೋನ್ ಕೊಳ್ಳುವ ಮುನ್ನ ಕಳೆಯುವ ಒಂದು ಗಂಟೆಯ ಸಿದ್ಧತೆಯು ಕೊಂಡ ಮೇಲಿನ ಒಂದು ವಾರದ ಪರದಾಟವನ್ನು ತಪ್ಪಿಸುತ್ತದೆ.

ನನ್ನ ಫೋನ್ ನಿಧಾನವಾಗಿದೆ. ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೋಗುವುದು ಒಳ್ಳೆಯದೇ?

ಫೋನ್ ನಿಧಾನವಾಗಿರುವುದು ಹೊಸ ಫೋನ್ ಕೊಳ್ಳಲು ಕಾರಣವಾಗಬಹುದೇ ಹೊರತು ವ್ಯವಸ್ಥೆಯನ್ನೇ ಬದಲಾಯಿಸಲು ಕಾರಣವಾಗದು. ನಾಲ್ಕೈದು ವರ್ಷ ಬಳಸಿದ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನನ್ನು ಹೊಸ ಐಫೋನ್ ಜೊತೆ ಹೋಲಿಸುವವರಿಗೆ ಐಫೋನ್ ಅದ್ಭುತವಾಗಿ ಕಾಣುವುದು ಸಹಜ. ಆದರೆ ಅದೇ ಹಣಕ್ಕೆ ಬರುವ ಹೊಸ ಆಂಡ್ರಾಯ್ಡ್ ಫೋನ್ ಕೂಡ ಅಷ್ಟೇ ಚುರುಕಾಗಿರುತ್ತದೆ. ಹೋಲಿಕೆ ಏನಿದ್ದರೂ ಒಂದೇ ಬೆಲೆಯ ಎರಡು ಫೋನ್‌ಗಳ ನಡುವೆ ನಡೆಯಬೇಕು.

ನನ್ನ ಅಭಿಪ್ರಾಯದಲ್ಲಿ ಈ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಫೋನಿನ ಗುಣಗಳಿಗಿಂತ ನಿಮ್ಮ ಸುತ್ತಲಿನ ಜನ ಮತ್ತು ನಿಮ್ಮ ದಿನದ ಕೆಲಸ. ಮನೆಯಲ್ಲಿ ಉಳಿದವರು ಯಾವ ಫೋನ್ ಬಳಸುತ್ತಾರೆ, ಏನಾದರೂ ಕೆಟ್ಟಾಗ ನಿಮಗೆ ತೋರಿಸಿಕೊಡುವವರು ಯಾರು, ನಿಮ್ಮ ವೃತ್ತಿಗೆ ಬೇಕಾದ ಆ್ಯಪ್ ಎರಡೂ ಕಡೆ ಇದೆಯೇ, ಪರದೆ ಒಡೆದರೆ ಎಲ್ಲಿಗೆ ಒಯ್ಯುತ್ತೀರಿ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಯಾವ ಫೋನ್ ಕೊಳ್ಳಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ಉದಾಹರಣೆಗೆ, ರೈತರೇ ತಮ್ಮ ಹೊಲದ ಬೆಳೆಯ ಚಿತ್ರ ತೆಗೆದು ದಾಖಲಿಸುವ ಕರ್ನಾಟಕದ ಬೆಳೆ ಸಮೀಕ್ಷೆ ಆ್ಯಪ್‌ನಂಥವನ್ನು ಬಳಸುವವರು ಐಫೋನ್ ಕೊಳ್ಳುವ ಮೊದಲು ಆಪ್ ಸ್ಟೋರ್‌ನಲ್ಲಿ ಅದೇ ಆ್ಯಪ್‌ನ ಹೆಸರನ್ನು ಹುಡುಕಿ ನೋಡಲೇಬೇಕು. ಭಾರತದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಫೋನ್‌ಗಳು ಆಂಡ್ರಾಯ್ಡ್ ಆಗಿರುವುದರಿಂದ ಇಲಾಖೆಗಳೂ ಸಣ್ಣ ಸಂಸ್ಥೆಗಳೂ ಆ್ಯಪ್ ಮಾಡಿಸುವಾಗ ಮೊದಲು ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ.

ಬದಲಾವಣೆಗೆ ಎಷ್ಟು ಸಮಯ ಹಿಡಿಯುತ್ತದೆ? ಹಳೆಯ ಫೋನನ್ನು ಅಂಗಡಿಯಲ್ಲೇ ವಿನಿಮಯಕ್ಕೆ ಕೊಡಬಹುದೇ?

ಕಡತಗಳು ಸಾಗುವುದಕ್ಕೆ ಒಂದೆರಡು ಗಂಟೆ ಸಾಕು. ಆದರೆ ಎಲ್ಲ ಖಾತೆಗಳೂ ಹೊಸ ಫೋನಿನಲ್ಲಿ ನೆಲೆಗೊಳ್ಳಲು ಎರಡು ವಾರವಾದರೂ ಬೇಕು, ಏಕೆಂದರೆ ತಿಂಗಳಿಗೊಮ್ಮೆ ತೆರೆಯುವ ವಿದ್ಯುತ್ ಬಿಲ್, ವಿಮೆ, ಮಕ್ಕಳ ಶಾಲೆಯ ಆ್ಯಪ್‌ಗಳ ನೆನಪು ಮೊದಲ ದಿನ ಯಾರಿಗೂ ಬರುವುದಿಲ್ಲ. ಆದ್ದರಿಂದ ವಿನಿಮಯದ ರಿಯಾಯಿತಿ ಎಷ್ಟೇ ಆಕರ್ಷಕವಾಗಿದ್ದರೂ ಹೊಸದನ್ನು ಕೊಂಡ ದಿನವೇ ಹಳೆಯ ಫೋನನ್ನು ಕೈಬಿಡಬೇಡಿ. ಹೊಸ ಫೋನ್ ಮನೆಗೆ ಬಂದ ಗಳಿಗೆಯಲ್ಲೇ ಹಳೆಯದನ್ನು ಒಯ್ಯುವ ಆನ್‌ಲೈನ್ ವಿನಿಮಯವಂತೂ ವ್ಯವಸ್ಥೆ ಬದಲಾಯಿಸುವವರಿಗೆ ಹೇಳಿ ಮಾಡಿಸಿದ್ದಲ್ಲ.

ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋದರೆ ವಾಟ್ಸ್‌ಆ್ಯಪ್ ಮಾತುಕತೆಗಳು ಉಳಿಯುತ್ತವೆಯೇ?

ಉಳಿಯುತ್ತವೆ, ಆದರೆ ಸರಿಯಾದ ದಾರಿ ಒಂದೇ ಇದೆ. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ತನ್ನ ಬ್ಯಾಕಪ್ಪನ್ನು ಗೂಗಲ್ ಡ್ರೈವ್‌ನಲ್ಲಿ ಇಡುತ್ತದೆ, ಐಫೋನ್‌ನ ವಾಟ್ಸ್‌ಆ್ಯಪ್ ಐಕ್ಲೌಡ್‌ನಲ್ಲಿ ಇಡುತ್ತದೆ. ಒಂದರ ಬ್ಯಾಕಪ್ಪನ್ನು ಇನ್ನೊಂದು ಓದಲಾರದು. ‘ಡ್ರೈವ್‌ನಲ್ಲಿ ಬ್ಯಾಕಪ್ ಇದೆಯಲ್ಲ’ ಎಂದು ನಿಶ್ಚಿಂತರಾಗಿ ಹಳೆಯ ಫೋನನ್ನು ಅಳಿಸಿದವರು ವರ್ಷಗಳ ಸಂದೇಶಗಳನ್ನು ಕಳೆದುಕೊಂಡದ್ದು ಈ ಕಾರಣಕ್ಕೆ. ವಾಟ್ಸ್‌ಆ್ಯಪ್‌ನ ಒಳಗೇ ಕ್ಯುಆರ್ ಕೋಡ್ ತೋರಿಸಿ ಚಾಟ್ ವರ್ಗಾಯಿಸುವ ಸೌಲಭ್ಯ 2023ರಲ್ಲಿ ಬಂತು. ಅದು ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಅಥವಾ ಐಫೋನ್‌ನಿಂದ ಐಫೋನ್‌ಗೆ ಹೋಗುವವರಿಗಾಗಿ ಬಂದದ್ದು.

2022ರಿಂದ ಲಭ್ಯವಿರುವ ದಾರಿಯೆಂದರೆ ಆ್ಯಪಲ್‌ನ ‘ಮೂವ್ ಟು ಐಒಎಸ್’ ಆ್ಯಪ್ (ಐಒಎಸ್ ಎಂದರೆ ಐಫೋನನ್ನು ನಡೆಸುವ ತಂತ್ರಾಂಶ). ಇದನ್ನು ಹಳೆಯ ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳಬೇಕು. ಹೊಸ ಐಫೋನನ್ನು ಮೊದಲ ಬಾರಿ ಚಾಲೂ ಮಾಡಿದಾಗ ಬರುವ ಪರದೆಗಳಲ್ಲಿ ‘ಆಂಡ್ರಾಯ್ಡ್‌ನಿಂದ’ ಎಂಬುದನ್ನು ಆರಿಸಿದರೆ ಒಂದು ಕೋಡ್ ಕಾಣಿಸುತ್ತದೆ. ಅದನ್ನು ಹಳೆಯ ಫೋನಿನಲ್ಲಿ ನಮೂದಿಸಿ, ವರ್ಗಾಯಿಸಬೇಕಾದ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ಪನ್ನು ಗುರುತಿಸಬೇಕು. ಎರಡೂ ಫೋನ್‌ಗಳು ಚಾರ್ಜರ್‌ಗೆ ಸಿಕ್ಕಿಸಿರಲಿ, ಒಂದೇ ವೈ-ಫೈ ಜಾಲದಲ್ಲಿರಲಿ, ವರ್ಗಾವಣೆ ಮುಗಿಯುವವರೆಗೆ ಹಳೆಯ ಫೋನಿನ ಪರದೆಯ ಮೇಲೆ ಆ ಆ್ಯಪ್ ತೆರೆದೇ ಇರಲಿ. ಆಮೇಲೆ ಐಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆದು ಅದೇ ಮೊಬೈಲ್ ಸಂಖ್ಯೆಯಿಂದ ಒಳಹೋಗಬೇಕು. ಮಾತುಕತೆ, ಗುಂಪುಗಳು, ಚಿತ್ರಗಳು, ಧ್ವನಿಸಂದೇಶಗಳು ಬರುತ್ತವೆ. ಕರೆಗಳ ಇತಿಹಾಸ ಬರುವುದಿಲ್ಲ.

ಎಡವುವುದು ಎಲ್ಲಿ ಎಂದರೆ, ಅಂಗಡಿಯ ಹುಡುಗ ಸಹಾಯ ಮಾಡುವ ಉತ್ಸಾಹದಲ್ಲಿ ಐಫೋನನ್ನು ಪೂರ್ತಿ ಸಿದ್ಧಪಡಿಸಿಯೇ ಕೈಗೆ ಕೊಟ್ಟುಬಿಡುತ್ತಾನೆ. ಆ ಹಂತ ದಾಟಿದ ಮೇಲೆ ಈ ವರ್ಗಾವಣೆಗೆ ಅವಕಾಶವಿಲ್ಲ. ಐಫೋನನ್ನು ಅಳಿಸಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಮನೆಯಲ್ಲೇ ಒಡೆಯಿರಿ. ತೀರಿಕೊಂಡ ತಾಯಿಯ ಧ್ವನಿ, ಊರಿನ ಹಿರಿಯರು ಕಳಿಸಿದ ಮಾತು ಯಾವುದಾದರೂ ಒಂದು ಚಾಟ್‌ನಲ್ಲಿ ಇದೆಯೆಂದಾದರೆ ವರ್ಗಾವಣೆಯನ್ನಷ್ಟೇ ನೆಚ್ಚಬೇಡಿ. ಆ ಚಾಟನ್ನು ತೆರೆದು ‘ಎಕ್ಸ್‌ಪೋರ್ಟ್’ ಆಯ್ಕೆಯಿಂದ ಕಡತಗಳ ಸಮೇತ ಇಮೇಲ್‌ಗೋ ಕಂಪ್ಯೂಟರಿಗೋ ಪ್ರತ್ಯೇಕವಾಗಿ ಕಳಿಸಿಟ್ಟುಕೊಳ್ಳಿ. ಬೇರೆ ಯಾವ ಕಡತವನ್ನಾದರೂ ಮತ್ತೆ ಸಂಪಾದಿಸಬಹುದು, ಇದನ್ನು ಸಾಧ್ಯವಿಲ್ಲ.

ಐಫೋನ್‌ನಿಂದ ಆಂಡ್ರಾಯ್ಡ್‌ಗೆ ಬರುವಾಗ?

2021ರಲ್ಲಿ ಮೊದಲು ಸ್ಯಾಮ್‌ಸಂಗ್ ಫೋನ್‌ಗಳಿಗೆ, ಅನಂತರ ಆಂಡ್ರಾಯ್ಡ್ 12ರ ಇತರ ಫೋನ್‌ಗಳಿಗೆ ಈ ಅವಕಾಶ ಬಂತು. ಎರಡು ಫೋನ್‌ಗಳನ್ನೂ ಕೇಬಲ್‌ನಿಂದ ಜೋಡಿಸಿ, ಹೊಸ ಫೋನನ್ನು ಸಿದ್ಧಪಡಿಸುವ ಹಂತದಲ್ಲೇ ಪರದೆಯ ಮೇಲೆ ಬರುವ ಕ್ಯುಆರ್ ಕೋಡನ್ನು ಐಫೋನಿನ ಕ್ಯಾಮೆರಾದಿಂದ ಓದಿಸಬೇಕು. ಐಫೋನ್ 15 ಮತ್ತು ಅದರ ನಂತರದವುಗಳಿಗೆ ಮಾಮೂಲಿ ಯುಎಸ್‌ಬಿ-ಸಿ ಕೇಬಲ್ ಸಾಕು. ಅದಕ್ಕೂ ಹಿಂದಿನವಕ್ಕೆ ಒಂದು ತುದಿ ಲೈಟ್ನಿಂಗ್, ಇನ್ನೊಂದು ತುದಿ ಯುಎಸ್‌ಬಿ-ಸಿ ಇರುವ ಕೇಬಲ್ ಬೇಕು. ಅದನ್ನು ಫೋನ್ ಕೊಳ್ಳುವಾಗಲೇ ಹೊಂದಿಸಿಕೊಳ್ಳಿ.

ಫೋನ್ ಬದಲಾಯಿಸಿದರೆ ಫೋನ್‌ಪೇ, ಗೂಗಲ್ ಪೇ, ಭೀಮ್ ಏನಾಗುತ್ತವೆ?

ನಮ್ಮ ದೇಶದಲ್ಲಿ ಫೋನ್ ಬದಲಾಯಿಸುವವರಿಗೆ ಅತಿ ಹೆಚ್ಚು ಆತಂಕ ಕೊಡುವ ವಿಷಯ ಇದೇ, ಮತ್ತು ವಿದೇಶಿ ಮಾರ್ಗದರ್ಶಿಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ. ಯುಪಿಐ ನಿಮ್ಮ ಬ್ಯಾಂಕ್ ಖಾತೆಯನ್ನು ಮೊಬೈಲ್ ಸಂಖ್ಯೆಗಷ್ಟೇ ಅಲ್ಲದೆ ಆ ಸಿಮ್ ಇರುವ ನಿರ್ದಿಷ್ಟ ಫೋನಿಗೂ ಕಟ್ಟಿಹಾಕುತ್ತದೆ. ಹೊಸ ಫೋನಿಗೆ ಹೋದಾಗ ಆ ಗಂಟನ್ನು ಮತ್ತೆ ಹಾಕಬೇಕು. ಅದಕ್ಕಾಗಿ ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೊರಹೋಗಬೇಕು.

ಆಂಡ್ರಾಯ್ಡ್‌ನಲ್ಲಿ ಆ ಸಂದೇಶವನ್ನು ಆ್ಯಪ್ ತಾನೇ ಕಳಿಸಿಬಿಡುವುದರಿಂದ ಅದು ಹೋದದ್ದು ನಿಮ್ಮ ಗಮನಕ್ಕೂ ಬರುವುದಿಲ್ಲ. ಐಫೋನ್ ಹಾಗೆ ಕಳಿಸಲು ಆ್ಯಪ್‌ಗೆ ಬಿಡುವುದಿಲ್ಲ. ಇದ್ದಕ್ಕಿದ್ದಂತೆ ಸಂದೇಶದ ಕಿಟಕಿ ತೆರೆದುಕೊಳ್ಳುತ್ತದೆ, ಯಾವುದೋ ಅಪರಿಚಿತ ಸಂಖ್ಯೆ ಅದರಲ್ಲಿ ತುಂಬಿರುತ್ತದೆ, ಕೆಳಗೆ ಅರ್ಥವಾಗದ ಅಕ್ಷರ-ಅಂಕಿಗಳ ಉದ್ದ ಸಾಲೊಂದಿರುತ್ತದೆ. ವಂಚನೆಯ ಸುದ್ದಿಗಳನ್ನು ದಿನವೂ ಓದುವ ಎಚ್ಚರದ ಮನುಷ್ಯ ಅದನ್ನು ಕಂಡು ಹೆದರಿ ಅಳಿಸುತ್ತಾನೆ, ನೋಂದಣಿ ವಿಫಲವಾಗುತ್ತದೆ. ನೀವೇ ಆಪ್ ಸ್ಟೋರ್‌ನಿಂದ ಇಳಿಸಿಕೊಂಡ ಆ್ಯಪ್‌ನಲ್ಲಿ ನೀವೇ ನೋಂದಣಿ ಆರಂಭಿಸಿದ್ದರೆ ಆ ಸಾಲಿನ ಒಂದು ಅಕ್ಷರವನ್ನೂ ತಿದ್ದದೆ ಕಳಿಸುವ ಬಾಣದ ಗುರುತನ್ನು ಒತ್ತಿ, ಮತ್ತೆ ಆ್ಯಪ್‌ಗೆ ಮರಳಬೇಕು. ಆದರೆ ಫೋನಿನಲ್ಲಿ ಮಾತನಾಡುತ್ತಿರುವ ಯಾರೋ ಇಂಥದೇ ಒಂದು ಸಾಲನ್ನು ಕಳಿಸಿ ಎಂದರೆ ಎಂದಿಗೂ ಕಳಿಸಬಾರದು.

ಎರಡು ಸಿಮ್ ಇರುವ ಐಫೋನಿನಲ್ಲಿ ಆ ಸಂದೇಶ ಬ್ಯಾಂಕಿಗೆ ಕೊಟ್ಟಿರುವ ಸಂಖ್ಯೆಯಿಂದಲೇ ಹೋಗುತ್ತಿದೆಯೇ ಎಂದು ಮೇಲ್ಭಾಗದಲ್ಲಿ ನೋಡಿಕೊಳ್ಳಿ. ನಿಮ್ಮ ರೀಚಾರ್ಜ್ ಯೋಜನೆಯಲ್ಲಿ ಎಸ್‌ಎಂಎಸ್ ಸೌಲಭ್ಯ ಇಲ್ಲದಿದ್ದರೂ ನೋಂದಣಿ ಆಗುವುದಿಲ್ಲ. ಬರೀ ಒಳಬರುವ ಕರೆಗಾಗಿ ಜೀವಂತವಾಗಿ ಇಟ್ಟುಕೊಂಡ ಎರಡನೇ ಸಿಮ್‌ಗೆ ಬ್ಯಾಂಕ್ ಖಾತೆ ಜೋಡಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಯುಪಿಐ ಪಿನ್ ಮಾತ್ರ ಹಳೆಯದೇ ಇರುತ್ತದೆ.

ಇನ್ನೆರಡು ಸಂಗತಿಗಳಿವೆ. ಹೊಸ ಫೋನಿನಲ್ಲಿ ನೋಂದಣಿಯಾದ ಮೇಲೆ ಸುರಕ್ಷತೆಗಾಗಿ ಕೆಲವು ಕಾಲ ಒಟ್ಟು ₹5,000ದವರೆಗೆ ಮಾತ್ರ ಪಾವತಿಗೆ ಅವಕಾಶವಿರುತ್ತದೆ: ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ 24 ಗಂಟೆ, ಐಫೋನ್‌ನಲ್ಲಿ 72 ಗಂಟೆ. ಮದುವೆಯ ಜವಳಿ ಖರೀದಿ, ಕಾಲೇಜಿನ ಶುಲ್ಕ, ಆಸ್ಪತ್ರೆಯ ಮುಂಗಡದಂಥ ದೊಡ್ಡ ಪಾವತಿ ಇರುವ ವಾರದಲ್ಲಿ ಫೋನ್ ಬದಲಾಯಿಸಬೇಡಿ. ಎರಡನೆಯದು ಯುಪಿಐ ಲೈಟ್. ಪಿನ್ ಇಲ್ಲದೆ ಸಣ್ಣ ಪಾವತಿ ಮಾಡುವ ಈ ಸೌಲಭ್ಯದ ಬಾಕಿ ಹಳೆಯ ಫೋನಿಗೇ ಅಂಟಿಕೊಂಡಿರುತ್ತದೆ. ಬದಲಾಯಿಸುವ ಮುನ್ನ ಹಳೆಯ ಫೋನಿನಲ್ಲಿ ಯುಪಿಐ ಲೈಟ್ ಮುಚ್ಚಿದರೆ ಆ ಹಣ ನಿಮ್ಮ ಬ್ಯಾಂಕ್ ಖಾತೆಗೆ ಮರಳುತ್ತದೆ.

ಸಿಮ್ ಕೂಡ ಬದಲಾಯಿಸಬೇಕಾಗಬಹುದೇ? ಅಮೆರಿಕದಿಂದ ಅಣ್ಣ ತಂದುಕೊಟ್ಟ ಐಫೋನಿನಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ.

ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 2022ರ ಐಫೋನ್ 14ರಿಂದ ಸಿಮ್ ತಟ್ಟೆ ಇಲ್ಲ. ಅವು ಇ-ಸಿಮ್‌ನಲ್ಲಿ, ಅಂದರೆ ಫೋನಿನೊಳಗೇ ಅಡಕವಾಗಿರುವ ಸಿಮ್‌ನಲ್ಲಿ, ಮಾತ್ರ ನಡೆಯುತ್ತವೆ. ಜಿಯೊ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂರೂ ಇ-ಸಿಮ್ ಕೊಡುತ್ತವೆ, ಆದ್ದರಿಂದ ಫೋನ್ ನಿರುಪಯುಕ್ತವೇನಲ್ಲ. ಆದರೆ ತರಿಸುವ ಮೊದಲೇ ಇದನ್ನು ತಿಳಿದಿರಬೇಕು, ಮುಖ್ಯವಾಗಿ ಸಿಮ್ಮನ್ನು ಒಂದು ಫೋನಿನಿಂದ ತೆಗೆದು ಇನ್ನೊಂದಕ್ಕೆ ಹಾಕಿ ಅಭ್ಯಾಸವಿರುವ ಹಿರಿಯರಿಗಾಗಿ ತರಿಸುವಾಗ. ಫೋನ್ ನೀರಿಗೆ ಬಿದ್ದರೆ ಸಿಮ್ ತೆಗೆದು ಪಕ್ಕದವರ ಫೋನಿಗೆ ಹಾಕಿ ಕರೆ ಮಾಡುವ ದಾರಿ ಅವರಿಗೆ ಉಳಿಯುವುದಿಲ್ಲ.

ಹೊಸ ಸಿಮ್ ಪಡೆದಾಗ ದೂರಸಂಪರ್ಕ ಇಲಾಖೆಯ ನಿಯಮದಂತೆ 24 ಗಂಟೆ ಎಸ್‌ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಕಳ್ಳರು ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆದು ಒಟಿಪಿ ಕದಿಯದಿರಲೆಂದು ಈ ತಡೆ ಇದೆ. ಅಂದರೆ ಆ ಒಂದು ದಿನ ಒಟಿಪಿಯೂ ಇಲ್ಲ, ಯುಪಿಐ ನೋಂದಣಿಯೂ ಇಲ್ಲ. ಸಾಧ್ಯವಾದರೆ ಹಳೆಯ ಫೋನ್ ಇರುವಾಗಲೇ ಸಿಮ್ ಬದಲಾವಣೆ ಮುಗಿಸಿ, ಒಂದೆರಡು ದಿನ ಬಿಟ್ಟು ಫೋನ್ ಬದಲಾಯಿಸಿ. ಅಲ್ಲಿಯವರೆಗೆ ಜೇಬಿನಲ್ಲಿ ಸ್ವಲ್ಪ ನಗದು ಇರಲಿ.

ಐಫೋನಿನಲ್ಲಿ ಕನ್ನಡ ಸರಿಯಾಗಿ ಸಿಗುತ್ತದೆಯೇ?

ಓದುವುದಕ್ಕೆ ಎರಡೂ ಕಡೆ ಈಗ ಯಾವ ಕೊರತೆಯೂ ಇಲ್ಲ. ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದ ಆಂಡ್ರಾಯ್ಡ್ ಫೋನ್‌ಗಳನ್ನು ಬಳಸಿದ ನೆನಪು ಅನೇಕರಿಗೆ ಇರಬಹುದು. 2012ರ ಜೆಲ್ಲಿ ಬೀನ್ ಆವೃತ್ತಿಯಿಂದ ಆ ಪರಿಸ್ಥಿತಿ ಬದಲಾಯಿತು, 2014ರ ಲಾಲಿಪಾಪ್ ಆವೃತ್ತಿಯಲ್ಲಿ ಇಡೀ ಫೋನನ್ನೇ ಕನ್ನಡದಲ್ಲಿ ಇಟ್ಟುಕೊಳ್ಳುವ ಅವಕಾಶ ಬಂತು. ಐಫೋನಿಗೆ ಸ್ವಂತ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಐಒಎಸ್ 11ರ ಜೊತೆ. ಆದರೆ ಸೆಟ್ಟಿಂಗ್ಸ್ ಸಮೇತ ಇಡೀ ಫೋನ್ ಕನ್ನಡದಲ್ಲಿ ಕಾಣಿಸಿಕೊಳ್ಳಲು 2025ರ ಐಒಎಸ್ 18.4ರವರೆಗೆ ಕಾಯಬೇಕಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಮಳಿಗೆ ತೆರೆದ, ಕೋಲಾರದ ನರಸಾಪುರದಲ್ಲಿ ತನ್ನ ಫೋನ್‌ಗಳು ತಯಾರಾಗುವ ಕಂಪನಿಯಿಂದ ಕನ್ನಡಿಗರು ಇದನ್ನು ಇನ್ನೂ ಬೇಗ ನಿರೀಕ್ಷಿಸಿದ್ದು ನ್ಯಾಯವೇ ಆಗಿತ್ತು.

ಬರೆಯುವುದರಲ್ಲಿ ಮಾತ್ರ ಕೈಗೆ ದೊಡ್ಡ ವ್ಯತ್ಯಾಸ ತಿಳಿಯುತ್ತದೆ. ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಪದ ಪಡೆಯುವ ಅಭ್ಯಾಸ ಲಕ್ಷಾಂತರ ಜನರಿಗಿದೆ. ಐಫೋನಿನ ಸ್ವಂತ ಕನ್ನಡ ಕೀಲಿಮಣೆಯಲ್ಲಿ ಕನ್ನಡ ಅಕ್ಷರಗಳನ್ನೇ ನೇರವಾಗಿ ಒತ್ತಬೇಕು. ‘ಅಕ್ಷರ’ ಎಂದು ಬರೆಯಲು ‘ಅ’ ಒತ್ತಿ, ‘ಕ’ ಒತ್ತಿ, ಅರ್ಧಾಕ್ಷರದ ಗುರುತು ಒತ್ತಿ, ‘ಷ’ ಒತ್ತಿ, ಆಮೇಲೆ ‘ರ’ ಒತ್ತಬೇಕು. ಈ ಗುರುತು ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗುವವರೆಗೆ ಮೊದಲ ಕೆಲವು ದಿನ ಒಂದು ಶುಭಾಶಯ ಬರೆಯಲೂ ಬೇಸರವಾಗುತ್ತದೆ. ಐಒಎಸ್ 18ರಲ್ಲಿ ವರ್ಣಮಾಲೆಯ ಕ್ರಮದಲ್ಲೇ ಅಕ್ಷರಗಳನ್ನು ಜೋಡಿಸಿದ ವಿನ್ಯಾಸವೂ ಬಂದಿದೆ, ಶಾಲೆಯಲ್ಲಿ ಕಲಿತ ಕ್ರಮ ನೆನಪಿರುವವರಿಗೆ ಅದು ಸುಲಭ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದರೆ ನುಡಿ ಕೀಲಿಮಣೆಯಲ್ಲಿ, ಕೈ ಪಳಗಿದವರು ತಮಗೆ ಬೇಕಾದ ಕೀಲಿಮಣೆ ಆ್ಯಪ್ ಸಿಗುತ್ತದೆಯೇ ಎಂದು ಗೆಳೆಯರ ಐಫೋನಿನಲ್ಲಿ ಹುಡುಕಿ, ನಾಲ್ಕು ಸಾಲು ಬರೆದು ನೋಡಿಯೇ ಹಣ ಕೊಡುವುದು ಒಳಿತು. ದಿನವಿಡೀ ಕನ್ನಡದಲ್ಲಿ ಬರೆಯುವ ಶಿಕ್ಷಕರು, ಪತ್ರಕರ್ತರು, ಕವಿಗಳಿಗೆ ಕ್ಯಾಮೆರಾದ ಗುಣಮಟ್ಟಕ್ಕಿಂತ ಇದು ದೊಡ್ಡ ಸಂಗತಿ ಎಂಬುದು ನನ್ನ ಖಚಿತ ನಿಲುವು.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿರುವ ಕಡತಗಳು ಎರಡೂ ಫೋನ್‌ಗಳಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೊಂದೇ ಪರಿಹಾರ. ಫೋನ್ ಬದಲಾಯಿಸಿದ ಮಾತ್ರಕ್ಕೆ ಅವು ಸರಿಹೋಗುವುದಿಲ್ಲ.

ಹೆಸರು-ಸಂಖ್ಯೆಗಳು ಮತ್ತು ಫೋಟೋಗಳನ್ನು ಸಾಗಿಸುವುದು ಹೇಗೆ?

ಸಂಖ್ಯೆಗಳು ಗೂಗಲ್ ಖಾತೆಯಲ್ಲಿದ್ದರೆ ಐಫೋನಿನಲ್ಲಿ ಅದೇ ಖಾತೆ ಸೇರಿಸಿದ ಕೂಡಲೇ ಬರುತ್ತವೆ. ಕೆಲವು ಫೋನ್‌ಗಳು ಅವನ್ನು ಫೋನಿನಲ್ಲೇ ಅಥವಾ ಸಿಮ್‌ನಲ್ಲೇ ಉಳಿಸಿರುತ್ತವೆ, ಆದ್ದರಿಂದ ಮೊದಲು ಗೂಗಲ್ ಖಾತೆಗೆ ಸೇರಿಸಿಕೊಳ್ಳಿ. ಸಿಮ್‌ನಲ್ಲಿರುವುದನ್ನು ಐಫೋನ್ ಓದಿಕೊಳ್ಳುತ್ತದೆ, ಹೊಸದನ್ನು ಸಿಮ್‌ಗೆ ಬರೆಯುವುದಿಲ್ಲ.

ಫೋಟೋಗಳಿಗೆ ನನ್ನ ಸಲಹೆ ಸರಳ. ಎರಡೂ ಕಡೆ ನಡೆಯುವ ಗೂಗಲ್ ಫೋಟೋಸ್ ಬಳಸುವವರು ಏನನ್ನೂ ಸಾಗಿಸಬೇಕಿಲ್ಲ, ಹೊಸ ಫೋನಿನಲ್ಲಿ ಅದೇ ಖಾತೆಗೆ ಒಳಹೋದರೆ ಸಾಕು. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಲೆಕ್ಕ. ಐಕ್ಲೌಡ್‌ನಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ, ಹಾಗಾಗಿ ಐಫೋನ್ ಕೊಂಡವರು ಕೆಲವೇ ತಿಂಗಳಲ್ಲಿ ಮಾಸಿಕ ಬಾಡಿಗೆ ಕಟ್ಟುವ ಸ್ಥಿತಿಗೆ ಬರುತ್ತಾರೆ. ಫೋನಿನ ಬೆಲೆಯ ಜೊತೆ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಐಕ್ಲೌಡ್‌ನಲ್ಲಿರುವ ಚಿತ್ರಗಳನ್ನು ನೇರವಾಗಿ ಗೂಗಲ್ ಫೋಟೋಸ್‌ಗೆ ಕಳಿಸುವ ಸೇವೆಯನ್ನು ಆ್ಯಪಲ್ 2021ರಿಂದ ಕೊಡುತ್ತಿದೆ, ಗೂಗಲ್‌ನಿಂದ ಐಕ್ಲೌಡ್‌ಗೆ ಕಳಿಸುವ ದಾರಿ 2024ರಲ್ಲಿ ತೆರೆಯಿತು. ಐಫೋನ್ ಚಿತ್ರಗಳು ಎಚ್‌ಇಐಸಿ ಎಂಬ ರೂಪದಲ್ಲಿ ಉಳಿಯುವುದರಿಂದ ಕೆಲವು ಸರ್ಕಾರಿ ಅರ್ಜಿಗಳ ಜಾಲತಾಣ ಅವನ್ನು ಸ್ವೀಕರಿಸದಿರಬಹುದು. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಚಿತ್ರಗಳು ಮಾಮೂಲಿ ಜೆಪಿಜಿ ಆಗಿ ಉಳಿಯುತ್ತವೆ.

ಹಣ ಕೊಟ್ಟು ಕೊಂಡ ಆ್ಯಪ್‌ಗಳು?

ಬರುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಕೊಂಡದ್ದನ್ನು ಆಪ್ ಸ್ಟೋರ್ ಗುರುತಿಸುವುದಿಲ್ಲ, ಮತ್ತೆ ಕೊಳ್ಳಬೇಕು. ತಿಂಗಳ ಚಂದಾಗಳನ್ನು ಎಲ್ಲಿ ಆರಂಭಿಸಿದಿರೋ ಅಲ್ಲೇ ರದ್ದುಪಡಿಸಬೇಕು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುತ್ತದೆ ಎಂದುಕೊಂಡರೆ ಖಾತೆಯಿಂದ ಹಣ ಹೋಗುತ್ತಲೇ ಇರುತ್ತದೆ. ಡಿಜಿಲಾಕರ್‌ನಂಥವು ಖಾತೆಯ ಆಧಾರದಲ್ಲಿ ನಡೆಯುವುದರಿಂದ ಹೊಸ ಫೋನಿನಲ್ಲಿ ಮತ್ತೆ ಒಳಹೋದರೆ ಕಾಗದಪತ್ರಗಳು ಹಾಗೆಯೇ ಇರುತ್ತವೆ. ಒಟಿಪಿ ಉತ್ಪಾದಿಸುವ ಅಥೆಂಟಿಕೇಟರ್ ಆ್ಯಪ್ ಬಳಸುವವರು ಮಾತ್ರ ಅದರ ಖಾತೆಗಳನ್ನು ಹಳೆಯ ಫೋನ್ ಅಳಿಸುವ ಮೊದಲು ಹೊಸದಕ್ಕೆ ಸೇರಿಸಿಕೊಂಡು, ಒಮ್ಮೆ ಬಳಸಿ ಖಚಿತಪಡಿಸಿಕೊಳ್ಳಬೇಕು.

ವ್ಯಾಪಾರಕ್ಕಾಗಿ ಕರೆಗಳನ್ನು ರೆಕಾರ್ಡ್ ಮಾಡುತ್ತೇನೆ. ಐಫೋನಿನಲ್ಲಿ ಸಾಧ್ಯವೇ?

2024ರ ಐಒಎಸ್ 18.1ರಿಂದ ಸಾಧ್ಯವಾಗಿದೆ, ಆದರೆ ರೆಕಾರ್ಡ್ ಆಗುತ್ತಿದೆ ಎಂಬ ಘೋಷಣೆ ಎರಡೂ ಕಡೆಯವರಿಗೆ ಕೇಳಿಸುತ್ತದೆ. ಆಂಡ್ರಾಯ್ಡ್‌ನಲ್ಲಿಯೂ ಗೂಗಲ್‌ನ ಡಯಲರ್ ಇರುವ ಫೋನ್‌ಗಳು ಹಾಗೆಯೇ ಘೋಷಿಸುತ್ತವೆ; 2022ರಲ್ಲಿ ಗೂಗಲ್ ನಿಯಮ ಬಿಗಿಗೊಳಿಸಿದ ಮೇಲೆ ಪ್ಲೇ ಸ್ಟೋರ್‌ನ ಬೇರೆ ರೆಕಾರ್ಡಿಂಗ್ ಆ್ಯಪ್‌ಗಳಿಗೆ ದಾರಿ ಮುಚ್ಚಿತು. ಫೋನಿನಲ್ಲೇ ಆರ್ಡರ್ ತೆಗೆದುಕೊಂಡು ಆಮೇಲೆ ಕೇಳಿ ಬರೆದುಕೊಳ್ಳುವ ಕಿರಾಣಿ ವರ್ತಕರಿಗೆ, ಮಂಡಿಯವರಿಗೆ ಇದು ಮುಖ್ಯ ವಿಷಯ, ಕೊಳ್ಳುವ ಮಾದರಿಯಲ್ಲಿ ರೆಕಾರ್ಡಿಂಗ್ ಹೇಗೆ ನಡೆಯುತ್ತದೆ ಎಂದು ಅಂಗಡಿಯಲ್ಲೇ ಮಾಡಿ ನೋಡಿ. ಅಪರಿಚಿತ ಕರೆ ಬಂದಾಗಲೇ ಹೆಸರು ತೋರಿಸುವ ಟ್ರೂಕಾಲರ್‌ನ ಸೌಲಭ್ಯ ಐಫೋನಿಗೆ ಪೂರ್ಣವಾಗಿ ಬಂದದ್ದು 2025ರ ಜನವರಿಯಲ್ಲಿ.

ಮನೆಯಲ್ಲಿ ಒಬ್ಬರದು ಐಫೋನ್, ಉಳಿದವರದು ಆಂಡ್ರಾಯ್ಡ್. ತೊಂದರೆಯಾಗುತ್ತದೆಯೇ?

ಐಫೋನಿನಲ್ಲಿ ಐಫೋನ್ ಇರುವವರ ಜೊತೆಗಿನ ಸಂದೇಶದ ಗುಳ್ಳೆ ನೀಲಿ, ಆಂಡ್ರಾಯ್ಡ್ ಇರುವವರ ಜೊತೆಗಿನದು ಹಸಿರು; ಅಮೆರಿಕದಲ್ಲಿ ಗುಳ್ಳೆ ನೀಲಿಯೋ ಹಸಿರೋ ಎಂಬುದು ಹದಿಹರೆಯದವರಿಗೆ ಪ್ರತಿಷ್ಠೆಯ ಪ್ರಶ್ನೆಯಾಗಿತ್ತು. ನಮ್ಮಲ್ಲಿ ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲೇ ಇರುವುದರಿಂದ ಆ ಗೋಡೆ ಎದ್ದೇ ಇಲ್ಲ. ತೊಡಕು ಬರುವುದು ಪ್ರವಾಸದಿಂದ ಬಂದ ಮೇಲೆ ಚಿತ್ರಗಳನ್ನು ಹಂಚಿಕೊಳ್ಳುವಾಗ. ಹತ್ತಿರದ ಫೋನಿಗೆ ನೇರವಾಗಿ ಚಿತ್ರ ಕಳಿಸುವ ಐಫೋನ್‌ನ ಏರ್‌ಡ್ರಾಪ್ ಆಂಡ್ರಾಯ್ಡ್‌ನೊಂದಿಗೆ ಮಾತನಾಡುತ್ತಿರಲಿಲ್ಲ. 2025ರ ನವೆಂಬರ್‌ನಲ್ಲಿ ಗೂಗಲ್ ತನ್ನ ಅಂಥದೇ ಸೌಲಭ್ಯವಾದ ಕ್ವಿಕ್ ಶೇರ್ ಅದರೊಂದಿಗೆ ಬೆರೆಯುವಂತೆ ಮಾಡಿದ್ದು ಮೊದಲಿಗೆ ಪಿಕ್ಸೆಲ್ 10 ಫೋನ್‌ಗಳಲ್ಲಿ. ಉಳಿದವರು ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ. ಫೇಸ್‌ಟೈಮ್ ಕರೆಗೆ ಆಂಡ್ರಾಯ್ಡ್ ಬಳಸುವವರು 2021ರಿಂದ ಕೊಂಡಿಯ ಮೂಲಕ ಬ್ರೌಸರಿನಲ್ಲಿ ಸೇರಬಹುದು, ಆದರೆ ಕರೆಯನ್ನು ತಾವೇ ಆರಂಭಿಸಲಾರರು.

ಅಪ್ಪ-ಅಮ್ಮನಿಗೆ ಐಫೋನ್ ಕೊಡಿಸಬೇಕೆಂದಿರುವ ಮಕ್ಕಳಿಗೆ ಒಂದು ಮಾತು. ಅವರಿಗೆ ನಿತ್ಯ ನೆರವಾಗುವವರು ಊರಿನಲ್ಲಿರುವ ತಮ್ಮನೋ ಪಕ್ಕದ ಮನೆಯ ಹುಡುಗಿಯೋ ಆಗಿದ್ದರೆ, ಅವರ ಕೈಯಲ್ಲಿರುವುದು ಆಂಡ್ರಾಯ್ಡ್ ಆಗಿದ್ದರೆ, ನೀವು ಪ್ರೀತಿಯಿಂದ ಕೊಟ್ಟ ದುಬಾರಿ ಫೋನ್ ಅವರನ್ನು ಒಂಟಿಯಾಗಿಸುತ್ತದೆ. ಪರದೆಯ ಕೆಳಗಿನ ‘ಹಿಂದೆ ಹೋಗುವ’ ಗುಂಡಿಗೆ ಹೊಂದಿಕೊಂಡ ಎಪ್ಪತ್ತು ವರ್ಷದ ಕೈಗೆ ಅದಿಲ್ಲದ ಪರದೆ ಬಹಳ ಕಾಲ ಒಗ್ಗುವುದಿಲ್ಲ.

ನನ್ನ ಸ್ಮಾರ್ಟ್ ವಾಚ್ ನಡೆಯುತ್ತದೆಯೇ?

ಆ್ಯಪಲ್ ವಾಚ್ ಐಫೋನ್ ಇಲ್ಲದೆ ನಡೆಯದು; ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಮತ್ತು ಅದರ ನಂತರದವು ಐಫೋನ್ ಜೊತೆ ನಡೆಯವು. ಏರ್‌ಪಾಡ್ಸ್ ಆಂಡ್ರಾಯ್ಡ್‌ನಲ್ಲಿ ಸಾಧಾರಣ ಬ್ಲೂಟೂತ್ ಇಯರ್‌ಫೋನ್‌ನಂತೆ ಕೆಲಸ ಮಾಡುತ್ತದೆ.

ಐಫೋನ್ ಇದ್ದರೆ ಸೈಬರ್ ವಂಚನೆಯ ಭಯವಿಲ್ಲ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತಗಳು (ಆ್ಯಪ್ ಸ್ಥಾಪಿಸುವ ಕಡತಗಳು) ಆಂಡ್ರಾಯ್ಡ್‌ಗಾಗಿ ಮಾಡಿದವು. ಒತ್ತಿ ಅನುಮತಿ ಕೊಟ್ಟರೆ ಫೋನಿನ ಸಂದೇಶಗಳನ್ನೇ ಓದಿ ಒಟಿಪಿ ಕದಿಯುತ್ತವೆ. ಐಫೋನಿನಲ್ಲಿ ಅವು ಸ್ಥಾಪನೆಯಾಗುವುದಿಲ್ಲ. ಆದರೆ ಪೊಲೀಸರೆಂದು ಹೇಳಿಕೊಂಡು ‘ಡಿಜಿಟಲ್ ಅರೆಸ್ಟ್’ ಮಾಡುವ ಕರೆ, ಷೇರು ಹೂಡಿಕೆಯ ನಕಲಿ ಗುಂಪು, ಕೆವೈಸಿ ನವೀಕರಣದ ಕೊಂಡಿ ಇವೆಲ್ಲ ಮನುಷ್ಯನ ಭಯವನ್ನೂ ಆಸೆಯನ್ನೂ ಗುರಿಯಾಗಿಟ್ಟುಕೊಂಡಿರುವುದರಿಂದ ಯಾವ ಫೋನೂ ಅವನ್ನು ತಡೆಯಲಾರದು. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಐಫೋನ್ ಬಿಟ್ಟ ಮೇಲೆ ಕೆಲವರ ಸಂದೇಶ ನನಗೆ ಬರುತ್ತಿಲ್ಲ. ಏಕೆ?

ನಿಮ್ಮ ಸಂಖ್ಯೆ ಇನ್ನೂ ಆ್ಯಪಲ್‌ನ ಸಂದೇಶ ಸೇವೆಯಾದ ಐಮೆಸೇಜ್‌ನಲ್ಲಿ ನೋಂದಣಿಯಾಗಿದೆ, ಆದ್ದರಿಂದ ಐಫೋನ್ ಇರುವವರು ಕಳಿಸಿದ್ದು ನೀವು ಬಿಟ್ಟುಬಂದ ಕಡೆಗೇ ಹೋಗುತ್ತಿದೆ. ಸಿಮ್ ತೆಗೆಯುವ ಮುನ್ನ ಐಫೋನಿನಲ್ಲಿ ಐಮೆಸೇಜ್ ಮತ್ತು ಫೇಸ್‌ಟೈಮ್ ಎರಡನ್ನೂ ಆಫ್ ಮಾಡಬೇಕು. ಫೋನ್ ಕೈಬಿಟ್ಟಾಗಿದ್ದರೆ ಆ್ಯಪಲ್‌ನ ಜಾಲತಾಣದಲ್ಲಿ ಸಂಖ್ಯೆ ಕೊಟ್ಟು ನೋಂದಣಿ ರದ್ದುಪಡಿಸುವ ಪುಟ 2014ರಿಂದ ಇದೆ.

ನಾನು ವಿದೇಶದಲ್ಲಿದ್ದೇನೆ. ಭಾರತದ ಬ್ಯಾಂಕ್ ಆ್ಯಪ್ ಹೊಸ ಫೋನಿನಲ್ಲಿ ಸಿಗುತ್ತಿಲ್ಲ.

ಪ್ಲೇ ಸ್ಟೋರ್, ಆಪ್ ಸ್ಟೋರ್ ಎರಡೂ ಖಾತೆಯ ದೇಶಕ್ಕೆ ತಕ್ಕಂತೆ ಆ್ಯಪ್ ತೋರಿಸುತ್ತವೆ. ಪ್ಲೇ ಸ್ಟೋರ್‌ನಲ್ಲಿ ದೇಶವನ್ನು ವರ್ಷಕ್ಕೊಮ್ಮೆ ಮಾತ್ರ ಬದಲಾಯಿಸಬಹುದು. ಆಪ್ ಸ್ಟೋರ್‌ನಲ್ಲಿ ಬದಲಾಯಿಸಲು ಚಾಲ್ತಿಯಲ್ಲಿರುವ ಚಂದಾಗಳು ಮುಗಿದಿರಬೇಕು, ಖಾತೆಯಲ್ಲಿ ಬಾಕಿ ಹಣ ಇರಬಾರದು. ಊರಿಗೆ ಬಂದಾಗ, ಭಾರತದ ಸಿಮ್ ಫೋನಿನೊಳಗೆ ಇರುವಾಗಲೇ ಬ್ಯಾಂಕ್ ಆ್ಯಪ್‌ಗಳನ್ನು ಹೊಸ ಫೋನಿನಲ್ಲಿ ಸಿದ್ಧಪಡಿಸಿಕೊಂಡು ಹೋಗುವುದು ಎಲ್ಲಕ್ಕಿಂತ ನಿರಾಳವಾದ ದಾರಿ. ಯುಪಿಐಗೆ ಸಂಬಂಧಿಸಿದಂತೆ, ಅಮೆರಿಕ, ಬ್ರಿಟನ್, ಯುಎಇ, ಸಿಂಗಪುರ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳನ್ನು ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಜೋಡಿಸಲು 2023ರಲ್ಲಿ ಅನುಮತಿ ಬಂತು. ನಿಮ್ಮ ಬ್ಯಾಂಕ್ ಅದನ್ನು ಅಳವಡಿಸಿಕೊಂಡಿದೆಯೇ ಎಂದು ವಿಚಾರಿಸಿ.

ಯಾವುದು ಹೆಚ್ಚು ವರ್ಷ ಬಾಳುತ್ತದೆ?

ಹಿಂದೆ ಈ ಪ್ರಶ್ನೆಗೆ ಐಫೋನ್ ಎಂಬ ಒಂದೇ ಉತ್ತರವಿತ್ತು. 2018ರ ಐಫೋನ್ ಎಕ್ಸ್‌ಎಸ್‌ಗೆ 2024ರ ಐಒಎಸ್ 18ರವರೆಗೂ ಹೊಸ ಆವೃತ್ತಿ ಬಂತು. ಆದರೆ 2023ರ ಪಿಕ್ಸೆಲ್ 8ರಿಂದ ಗೂಗಲ್, 2024ರ ಗ್ಯಾಲಕ್ಸಿ ಎಸ್24ರಿಂದ ಸ್ಯಾಮ್‌ಸಂಗ್ ಏಳು ವರ್ಷಗಳ ನವೀಕರಣದ ಭರವಸೆ ಕೊಟ್ಟಿವೆ. ಅದು ದುಬಾರಿ ಮಾದರಿಗಳ ಮಾತು. ಅಗ್ಗದ ಆಂಡ್ರಾಯ್ಡ್ ಫೋನ್‌ಗಳಿಗೆ ಎಷ್ಟು ವರ್ಷ ಎಂದು ಮಾದರಿಯ ಹೆಸರು ಹಿಡಿದೇ ಕೇಳಬೇಕು. ಇನ್ನೊಂದು ಕಡೆ, ಆಂಡ್ರಾಯ್ಡ್ ಫೋನಿನ ಪರದೆ ಬದಲಾಯಿಸುವ ಅಂಗಡಿ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿಗೇ ಇರುತ್ತದೆ, ಐಫೋನಿಗೆ ಕಂಪನಿ ಒಪ್ಪಿದ ಬಿಡಿಭಾಗ ಬೇಕೆಂದರೆ ದೊಡ್ಡ ಊರಿಗೇ ಹೋಗಬೇಕು. ಮರುಮಾರಾಟದ ಬೆಲೆ ಮಾತ್ರ ಐಫೋನಿಗೇ ಹೆಚ್ಚು ಉಳಿಯುತ್ತದೆ.

ಬಳಸಿದ ಐಫೋನ್ ಕೊಂಡು ವ್ಯವಸ್ಥೆ ಬದಲಾಯಿಸುವವರೂ ಬಹಳ ಜನ ಇದ್ದಾರೆ. ಹಣ ಕೊಡುವ ಮುನ್ನ ಆ ಫೋನಿನಲ್ಲಿ *#06# ಒತ್ತಿ ಆ ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆ ಪಡೆದು, ಕೆವೈಎಂ (KYM) ಎಂಬ ಮೂರು ಇಂಗ್ಲಿಷ್ ಅಕ್ಷರಗಳ ನಂತರ ಸ್ವಲ್ಪ ಜಾಗ ಬಿಟ್ಟು ಆ ಸಂಖ್ಯೆಯನ್ನು ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿ. ಕದ್ದದ್ದೆಂದು ನಿರ್ಬಂಧಿಸಿದ ಫೋನ್ ಆಗಿದ್ದರೆ ಅದರಿಂದ ತಿಳಿಯುತ್ತದೆ. ಹಿಂದಿನ ಮಾಲೀಕರ ಆ್ಯಪಲ್ ಖಾತೆ ಇನ್ನೂ ಅದರಲ್ಲಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಹೋಗಿ ಎರಡು ತಿಂಗಳಾದರೂ ಮನಸ್ಸು ಒಗ್ಗುತ್ತಿಲ್ಲ. ಮರಳಬಹುದೇ?

ಮರಳಬಹುದು, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಆದರೆ ಮೊದಲ ವಾರದ ಸಿಡಿಮಿಡಿಯನ್ನು ಆಧಾರವಾಗಿಟ್ಟುಕೊಂಡು ತೀರ್ಮಾನಿಸಬೇಡಿ. ಬೆರಳಿನ ಅಭ್ಯಾಸ ಬದಲಾಗಲು ಒಂದು ತಿಂಗಳಾದರೂ ಬೇಕು. ಎರಡು ತಿಂಗಳ ನಂತರವೂ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಅದು ನಿಜವಾದ ಕಾರಣ. ಮುಂದೆ ಯಾವ ಕಡೆ ಹೋದರೂ ಸುಲಭವಾಗಲೆಂದರೆ ಈಗಿನಿಂದಲೇ ಸಂಖ್ಯೆಗಳು, ಚಿತ್ರಗಳು, ಟಿಪ್ಪಣಿಗಳು, ಪಾಸ್‌ವರ್ಡ್‌ಗಳನ್ನು ಎರಡೂ ವ್ಯವಸ್ಥೆಗಳಲ್ಲಿ ತೆರೆಯುವ ಆ್ಯಪ್‌ಗಳಲ್ಲೇ ಇಡಿ. ನಮ್ಮ ಸ್ವಂತ ಬರಹ, ನಮ್ಮ ಮಕ್ಕಳ ಚಿತ್ರ ಒಂದು ಕಂಪನಿಯ ಫೋನ್ ಇದ್ದರೆ ಮಾತ್ರ ತೆರೆಯುವ ಸ್ಥಿತಿಗೆ ಬರಬಾರದು ಎಂಬುದು ನನ್ನ ಕಳಕಳಿ.

ಹಳೆಯ ಫೋನನ್ನು ಮಾರುವ ಮುನ್ನ ಏನು ಮಾಡಬೇಕು?

ಎರಡು ವಾರ ಕಳೆದು, ಹಳೆಯ ಫೋನನ್ನು ಮುಟ್ಟುವ ಅಗತ್ಯವೇ ಬರುತ್ತಿಲ್ಲ ಎಂದು ಖಚಿತವಾದ ಮೇಲೆ ಈ ಕೆಲಸಕ್ಕೆ ಕೈಹಾಕಿ. ಯುಪಿಐ ಲೈಟ್ ಮುಚ್ಚಿದ್ದೀರೇ, ವಾಟ್ಸ್‌ಆ್ಯಪ್‌ನ ಚಿತ್ರಗಳು ಹೊಸ ಫೋನಿನಲ್ಲಿ ತೆರೆಯುತ್ತಿವೆಯೇ ಎಂದು ಮತ್ತೊಮ್ಮೆ ನೋಡಿ. ಮೆಮೊರಿ ಕಾರ್ಡ್ ಮತ್ತು ಸಿಮ್ ಹೊರತೆಗೆಯಿರಿ. ಆಂಡ್ರಾಯ್ಡ್ ಆಗಿದ್ದರೆ ಗೂಗಲ್ ಖಾತೆಯನ್ನು, ಐಫೋನ್ ಆಗಿದ್ದರೆ ಆ್ಯಪಲ್ ಖಾತೆಯನ್ನು ಮೊದಲು ಫೋನಿನಿಂದ ತೆಗೆದುಹಾಕಿ, ಅನಂತರವೇ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಈ ಕ್ರಮ ತಪ್ಪಿದರೆ ಕೊಂಡವರು ಫೋನನ್ನು ತೆರೆದಾಗ ಅದು ನಿಮ್ಮ ಪಾಸ್‌ವರ್ಡ್ ಕೇಳುತ್ತದೆ, ಅವರು ನಿಮ್ಮ ಮನೆ ಬಾಗಿಲಿಗೆ ಬರಬೇಕಾಗುತ್ತದೆ. ಮಾರಿದ ಫೋನಿನ ಐಎಂಇಐ ಸಂಖ್ಯೆ, ಕೊಂಡವರ ಹೆಸರು, ದಿನಾಂಕ ಬರೆದು ಅವರ ಸಹಿ ಪಡೆದ ಒಂದು ಚೀಟಿಯನ್ನು ಹೊಸ ಫೋನಿನ ಬಿಲ್ಲಿನ ಜೊತೆ ಇಟ್ಟುಕೊಳ್ಳಿ.